ಜೂಜಾಡುವವನ ದೇಹವು ಯಾರದು?



ಜೂಜಿನ ವಿಷಯವಾಗಿ ನಮ್ಮ ಸಭೆಗಳಲ್ಲಿ ಬೋಧನೆಯಾಗುವಾಗ ಹಣದ ನಷ್ಟವನ್ನು ಕುರಿತೇ ಹೆಚ್ಚಾಗಿ ಹೇಳುವುದುಂಟು. ಹೊಲವು ಕೈಬಿಟ್ಟುಹೋಯಿತು, ಹೆಂಡತಿಯ ಒಡವೆ ಗಿರವಿಗೆ ಬಿತ್ತು, ಮಕ್ಕಳು ಶಾಲೆಯನ್ನು ಬಿಟ್ಟರು ಎಂದು ನಾವು ಹೇಳುತ್ತೇವೆ, ಅದೆಲ್ಲವೂ ನಿಜವೇ. ಆದರೂ ಈ ಮಾತಿಗೆ ಜೂಜುಗಾರನ ಬಳಿಯಲ್ಲಿ ಒಂದು ಉತ್ತರವು ಸಿದ್ಧವಾಗಿದೆ. "ಅದು ನಾನು ದುಡಿದ ಹಣ. ನಾನು ಕದಿಯಲಿಲ್ಲ, ಮೋಸಮಾಡಲಿಲ್ಲ. ಒಂದು ದಿನ ಸೋತರೆ ಇನ್ನೊಂದು ದಿನ ಗೆಲ್ಲುತ್ತೇನೆ. ಇದರಿಂದ ನಿಮಗೇನು ಬಾಧೆ?" ಎಂದು ಅವನು ಕೇಳುತ್ತಾನೆ. ಅವನು ಈ ವಾರ ಗೆದ್ದಿದ್ದರಂತೂ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಆದಕಾರಣ ಹಣದ ಲೆಕ್ಕವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಗೆದ್ದವನೂ ಸೋತವನೂ ಒಂದೇ ಸಮನಾಗಿ ತೆರುವ ಬೇರೊಂದು ಬೆಲೆಯನ್ನು ಈ ಸಾರಿ ವಿಚಾರಿಸೋಣ. ಆ ಬೆಲೆ ಯಾವುದೆಂದರೆ ದೇಹವೇ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ವಾಸಿಸುವ ನಮಗೆ ಜೂಜು ಹೊಸದಲ್ಲ. ಯುಗಾದಿಯ ಮಾರನೆಯ ದಿನ ಹೊಸತೊಡಕಿನ ನೆವದಲ್ಲಿ ಮರದ ನೆರಳಿನಲ್ಲಿ ಇಸ್ಪೀಟು ಹರಡುವುದನ್ನು ನಮ್ಮ ಅಜ್ಜಂದಿರೂ ಕಂಡವರೇ. ಅಂದರ್-ಬಾಹರ್ ಆಟವೂ, ಒಂದು ಅಂಕಿಯ ಮೇಲೆ ಹಣ ಕಟ್ಟುವ ಮಟ್ಕಾವೂ ಆಮೇಲೆ ಬಂದ ಲಾಟರಿಯೂ ಎಷ್ಟೋ ಮನೆಗಳ ದೀಪವನ್ನು ಆರಿಸಿದವು. 1963ನೆಯ ಇಸವಿಯ ಕರ್ನಾಟಕ ಪೊಲೀಸ್ ಕಾಯಿದೆಯು ಜೂಜುಕಟ್ಟೆಗಳನ್ನು ನಿಷೇಧಿಸಿತು. 2007ನೆಯ ಇಸವಿಯಲ್ಲಿ ರಾಜ್ಯ ಸರ್ಕಾರವು ಲಾಟರಿಯನ್ನು ನಿಲ್ಲಿಸಿತು. ಅಷ್ಟರಲ್ಲಿ ಜೂಜು ಕಟ್ಟೆಯನ್ನು ಬಿಟ್ಟು ಮೊಬೈಲಿನೊಳಗೆ ಹೊಕ್ಕಿತು. 2021ರಲ್ಲಿ ನಮ್ಮ ರಾಜ್ಯವು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕಾಯಿದೆಯನ್ನು ತಿದ್ದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಪಾರ್ಲಿಮೆಂಟು ಹಣದ ಆನ್‌ಲೈನ್ ಆಟಗಳನ್ನು ದೇಶಕ್ಕೆಲ್ಲಾ ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಕಾನೂನು ಬಾಗಿಲನ್ನು ಮುಚ್ಚಬಲ್ಲದು. ಒಳಗಿರುವ ಬೆಂಕಿಯನ್ನು ಅದು ಆರಿಸಲಾರದು.

ಈಗ ಒಬ್ಬ ರೇಷ್ಮೆಯ ಬೆಳೆಗಾರನನ್ನು ಊಹಿಸಿಕೊಳ್ಳೋಣ. ರಾಮನಗರದ ಮಾರುಕಟ್ಟೆಯಲ್ಲಿ ಅವನ ಗೂಡು ಹರಾಜಾಯಿತು. ಹಣವು ಬ್ಯಾಂಕಿನ ಲೆಕ್ಕಕ್ಕೆ ಬಂದು ಬಿದ್ದಿತು. ಅದೇ ಮೊಬೈಲಿನಲ್ಲಿ ಆ ಹಣವೂ ಇದೆ, ಆಟವೂ ಇದೆ. ರಾತ್ರಿ ಮನೆಯವರೆಲ್ಲರೂ ಮಲಗಿದ ಮೇಲೆ ಅವನು ಕಂಬಳಿಯ ಮರೆಯಲ್ಲಿ ಪಣವೊಡ್ಡುತ್ತಾನೆ. ಆಗ ಅವನ ದೇಹದಲ್ಲಿ ನಡೆಯುವುದೇನು?

ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಗಳಂತೆ ಎರಡು ಚಿಕ್ಕ ಗ್ರಂಥಿಗಳಿವೆ. ಹುಲಿ ಎದುರಾದರೆ ಓಡುವುದಕ್ಕಾಗಲಿ ಹೋರಾಡುವುದಕ್ಕಾಗಲಿ ಬೇಕಾದ ಬಲವನ್ನು ಒದಗಿಸಲು ಸೃಷ್ಟಿಕರ್ತನು ಅವುಗಳನ್ನು ಇಟ್ಟಿದ್ದಾನೆ. ಅಮೆರಿಕಾ ದೇಶದ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞನು 1915ನೆಯ ಇಸವಿಯಲ್ಲಿ ಇದನ್ನು ವಿವರವಾಗಿ ಬರೆದನು. ಭಯವು ತಟ್ಟಿದ ಕ್ಷಣವೇ ಆ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಬಡಿತವು ಹೆಚ್ಚುತ್ತದೆ, ರಕ್ತದ ಒತ್ತಡವು ಏರುತ್ತದೆ, ಯಕೃತ್ತು ತಾನು ಕೂಡಿಟ್ಟಿದ್ದ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ, ಹೊಟ್ಟೆಯು ಅರಗಿಸುವ ಕೆಲಸವನ್ನು ನಿಲ್ಲಿಸುತ್ತದೆ, ಅಂಗೈ ಬೆವರುತ್ತದೆ. ಇದರ ಹಿಂದೆಯೇ ಕಾರ್ಟಿಸಾಲ್ ಎಂಬ ಇನ್ನೊಂದು ರಸವು ಬರುತ್ತದೆ. ಹುಲಿ ಹೋದ ಮೇಲೆ ಇವೆಲ್ಲವೂ ಇಳಿಯಬೇಕು. ಹಾಗೆ ಇಳಿಯದೆ ದಿನಗಟ್ಟಲೆ ನಿಂತರೆ ಅದೇ ರಕ್ಷಕರಸವು ದೇಹವನ್ನು ಸವೆಸುವುದೆಂಬುದನ್ನು ಹಾನ್ಸ್ ಸೆಲ್ಯೆ ಎಂಬ ವಿದ್ವಾಂಸನು 1936ರಿಂದ ಲೋಕಕ್ಕೆ ತೋರಿಸಿಕೊಟ್ಟನು.

ಕಂಬಳಿಯ ಮರೆಯಲ್ಲಿ ಕುಳಿತವನ ಮುಂದೆ ಹುಲಿಯಿಲ್ಲ. ಆದರೂ ದೇಹವು ಪಣವನ್ನು ಹುಲಿಯೆಂದೇ ತಿಳಿಯುತ್ತದೆ. ಎಲೆ ತಿರುಗುವುದಕ್ಕೆ ಮುಂಚಿನ ಆ ಒಂದು ಗಳಿಗೆಯಲ್ಲಿ ಗೆಲ್ಲುವವನ ಎದೆಯೂ ಸೋಲುವವನ ಎದೆಯೂ ಒಂದೇ ಸಮನಾಗಿ ಬಡಿಯುತ್ತವೆ. ಆಟವು ಒಂದಾದ ಮೇಲೆ ಒಂದರಂತೆ ಕ್ಷಣಕ್ಷಣಕ್ಕೂ ತೆರೆದಿರುವುದರಿಂದ ಏರಿದ ರಕ್ತವು ಇಳಿಯುವುದಕ್ಕೆ ಬಿಡುವೇ ದೊರೆಯುವುದಿಲ್ಲ. ಸ್ವಲ್ಪದರಲ್ಲಿ ತಪ್ಪಿದ ಸೋಲನ್ನು ಮಿದುಳು ಗೆಲುವಿನ ಸಮೀಪವೆಂದು ಎಣಿಸಿ ಇನ್ನೊಮ್ಮೆ ಆಡೆಂದು ಪ್ರೇರಿಸುತ್ತದೆ. ಮೊದಲು ನಿದ್ರೆ ಹೋಗುತ್ತದೆ. ಅನಂತರ ತಲೆನೋವು, ಹೊಟ್ಟೆಯುರಿ, ಸಿಡುಕುತನ, ಎದೆ ಹಿಡಿದಂತಾಗುವುದು, ಕೈ ನಡುಗುವುದು ಇವು ಬರುತ್ತವೆ. ರಕ್ತದೊತ್ತಡವೂ ಸಕ್ಕರೆಕಾಯಿಲೆಯೂ ಮುಂಚೆಯೇ ಇದ್ದವನಿಗೆ ಅವು ಉಲ್ಬಣಿಸುತ್ತವೆ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಬಣ್ಣವನ್ನು ಹಿಡಿಯುವ ಬೊಂಬೆ ಕೆಲಸದವನಿಗೆ ಕೈಯ ಸ್ಥಿರತೆಯೇ ಬಂಡವಾಳವಷ್ಟೆ. ರಾತ್ರಿಯೆಲ್ಲಾ ನಿದ್ರೆಗೆಟ್ಟವನು ಬೆಳಿಗ್ಗೆ ಯಾವ ಕೈಯಿಂದ ಉಳಿಯನ್ನು ಹಿಡಿದಾನು? ಅವನು ರಾತ್ರಿ ಸಾವಿರ ರೂಪಾಯಿ ಗೆದ್ದಿದ್ದರೂ ಆ ಕೈ ನಡುಗುವುದು ತಪ್ಪುವುದಿಲ್ಲ.

ಇಲ್ಲಿ ಬುದ್ಧಿವಂತನಾದ ಒಬ್ಬ ಯೌವನಸ್ಥನು ಒಂದು ಆಕ್ಷೇಪಣೆಯನ್ನು ತರಬಹುದು. "ಅಯ್ಯನವರೇ, ರೇಷ್ಮೆಯ ಬೆಳೆಯೂ ಜೂಜಲ್ಲವೇ? ಸುಣ್ಣಕಟ್ಟು ಬಂದರೆ ಹುಳು ಹೋಯಿತು, ಹಾಲುತೊಂಡೆ ಬಂದರೆ ಹೋಯಿತು. ಒಳ್ಳೆಯ ಗೂಡಾದರೂ ಆ ದಿನದ ಧಾರಣೆ ಬಿದ್ದರೆ ಶ್ರಮವೆಲ್ಲಾ ವ್ಯರ್ಥ. ನಮ್ಮ ತಂದೆಯೂ ನಿದ್ರೆಗೆಟ್ಟು ಚಿಂತಿಸಲಿಲ್ಲವೇ? ಅದು ಪಾಪವಲ್ಲ, ಇದು ಮಾತ್ರ ಪಾಪವೋ?" ಎಂಬುದು ಅವನ ಪ್ರಶ್ನೆ. ಇದನ್ನು ತಳ್ಳಿಹಾಕಕೂಡದು. ರೈತನ ಚಿಂತೆಯೂ ದೇಹವನ್ನು ತಿನ್ನುತ್ತದೆಂಬುದು ನಿಜ. ಅದು ನಮ್ಮ ಹಳ್ಳಿಗಳ ದೊಡ್ಡ ದುಃಖವೂ ಹೌದು.

ಆದರೆ ಈ ಎರಡರಲ್ಲಿ ಭೇದವುಂಟು. ಮೊದಲನೆಯದಾಗಿ, ರೈತನು ಅಪಾಯವನ್ನು ಹುಡುಕಿಕೊಂಡು ಹೋಗುವುದಿಲ್ಲ. ತನ್ನ ಶ್ರಮದಿಂದಲೂ ಎಚ್ಚರದಿಂದಲೂ ಅದನ್ನು ಕಡಿಮೆ ಮಾಡುತ್ತಾನೆ. ಜೂಜುಗಾರನಿಗೆ ಅಪಾಯವೇ ರುಚಿ. ಎರಡನೆಯದಾಗಿ, ರೈತನ ಲಾಭವು ನೆರೆಯವನ ನಷ್ಟದಿಂದ ಹುಟ್ಟುವುದಿಲ್ಲ. ಅವನ ಗೂಡಿನಿಂದ ನೂಲು ಬಿಚ್ಚುವವನಿಗೂ ನೇಯುವವನಿಗೂ ಅನ್ನವುಂಟು. ಜೂಜಿನಲ್ಲಿ ಒಬ್ಬನು ಎತ್ತಿಕೊಂಡ ಪ್ರತಿಯೊಂದು ರೂಪಾಯಿಯೂ ಮತ್ತೊಬ್ಬನ ಮನೆಯಿಂದ ಬಂದದ್ದೇ. ಮೂರನೆಯದಾಗಿ, ಹುಳುವಿನ ಮನೆಯೇ ನಮಗೆ ಒಂದು ಪಾಠವನ್ನು ಕಲಿಸುತ್ತದೆ. ಮೊಟ್ಟೆಯೊಡೆದಂದಿನಿಂದ ಹಣ್ಣಾಗುವ ವರೆಗೆ ಸುಮಾರು 25 ರಿಂದ 28 ದಿನಗಳೊಳಗೆ ಹುಳುವು ನಾಲ್ಕು ಸಾರಿ ಜ್ವರಕ್ಕೆ ಕೂರುತ್ತದೆ. ಆಗ ಅದು ತಿನ್ನುವುದಿಲ್ಲ, ಅಲುಗುವುದಿಲ್ಲ. ಬಲ್ಲವನು ಆ ಹೊತ್ತಿನಲ್ಲಿ ಸೊಪ್ಪು ಹಾಕುವುದಿಲ್ಲ, ತಟ್ಟೆಯನ್ನು ಕದಲಿಸುವುದಿಲ್ಲ. ಆ ವಿಶ್ರಾಂತಿಯನ್ನು ಕೆಡಿಸಿದರೆ ಬೆಳೆಯೇ ಕೆಡುತ್ತದೆಂಬುದು ನಮ್ಮ ಹೆಂಗಸರಿಗೂ ಮಕ್ಕಳಿಗೂ ಗೊತ್ತು. ರೈತನ ಚಿಂತೆಗೆ ಒಂದು ಕೊನೆಯುಂಟು. ಗೂಡು ಮಾರಿದ ರಾತ್ರಿ ಅವನು ಮಲಗುತ್ತಾನೆ. ಜೂಜಿಗೆ ಗೂಡು ಕಟ್ಟುವ ದಿನವೆಂಬುದಿಲ್ಲ. ಹುಳುವಿಗೆ ಕೊಡುವ ವಿಶ್ರಾಂತಿಯನ್ನು ತನ್ನ ದೇಹಕ್ಕೆ ಕೊಡದವನು ಎಂಥ ಬೆಳೆಗಾರನು!

ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದು ಉಳಿದಿದೆ. ಜೂಜುಗಾರನು ಪಾಪಿಯೋ, ರೋಗಿಯೋ? 1980ನೆಯ ಇಸವಿಯಿಂದಲೇ ವೈದ್ಯರು ಜೂಜಿನ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿದ್ದಾರೆ. 2013ರಲ್ಲಿ ಅದನ್ನು ಕುಡಿತದಂಥ ಚಟಗಳ ಸಾಲಿನಲ್ಲಿಟ್ಟರು. ಲೋಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 1.2 ಮಂದಿ ಈ ರೋಗಕ್ಕೆ ಸಿಕ್ಕಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಸ್ವೀಡನ್ ದೇಶದಲ್ಲಿ ಇಂಥ ರೋಗಿಗಳೆಂದು ದಾಖಲಾದವರನ್ನು ಕುರಿತು 2018ರಲ್ಲಿ ಪ್ರಕಟವಾದ ಪರಿಶೋಧನೆಯಲ್ಲಿ, ಅವರೊಳಗೆ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರ ಪ್ರಮಾಣವು ಇತರರಿಗಿಂತ ಸುಮಾರು 15 ಪಟ್ಟು ಹೆಚ್ಚಾಗಿ ಕಂಡುಬಂತು. ಇದನ್ನು ಕೇಳಿದ ಮೇಲೆ ಬೈಗುಳದಿಂದ ಅವನನ್ನು ತಿದ್ದುವೆವೆಂದು ಹೇಳುವ ಧೈರ್ಯವು ಯಾರಿಗುಂಟು?

ಹಾಗಾದರೆ ಅವನು ರೋಗಿಯೇ ಆಗಿರಲಿ, ಅವನಿಗೆ ಹೊಣೆಯಿಲ್ಲವೆಂದು ಬಿಟ್ಟುಬಿಡೋಣವೋ? ಹಾಗೂ ಅಲ್ಲ. ಮೊದಲನೆಯ ಪಣವನ್ನು ಒಡ್ಡಿದವನು ಸ್ವತಂತ್ರನಾಗಿದ್ದನು. ನೂರನೆಯ ಪಣವನ್ನು ಒಡ್ಡುವವನು ಬಹಳಮಟ್ಟಿಗೆ ದಾಸನಾಗಿದ್ದಾನೆ. ಮಾಡಬೇಕೆಂದಿರುವುದನ್ನು ಮಾಡದೆ, ಹಗೆಮಾಡುವುದನ್ನೇ ಮಾಡುವ ಮನುಷ್ಯನ ಸಂಕಟವನ್ನು ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 7ನೆಯ ಅಧ್ಯಾಯದಲ್ಲಿ ವರ್ಣಿಸಿದ್ದಾನಷ್ಟೆ. ಆ ಮನುಷ್ಯನು ತನ್ನ ತಪ್ಪನ್ನು ಅಲ್ಲಗಳೆಯುವುದಿಲ್ಲ, ತನ್ನ ಬಲದಿಂದ ಬಿಡುಗಡೆಯಾಗುವೆನೆಂದೂ ಹೇಳುವುದಿಲ್ಲ, ಬಿಡಿಸುವವನನ್ನು ಕೂಗುತ್ತಾನೆ. ರೋಗವೆಂಬ ಮಾತು ಅವನ ಹೊಣೆಯನ್ನು ತೆಗೆದುಹಾಕುವುದಿಲ್ಲ, ಹೊಣೆಯ ಸ್ಥಳವನ್ನು ಬದಲಾಯಿಸುತ್ತದೆ. ಮುರಿದ ಕಾಲಿನವನು ಓಡಲಿಲ್ಲವೆಂದು ನಾವು ದೂರುವುದಿಲ್ಲ. ವೈದ್ಯನು ಬಂದಾಗ ಕಾಲು ತೋರಿಸದಿದ್ದರೆ ದೂರುತ್ತೇವೆ. ಹಾಗೆಯೇ ಜೂಜುಗಾರನ ಇಂದಿನ ಕರ್ತವ್ಯವೇನೆಂದರೆ, ಬಚ್ಚಿಡದೆ ಹೇಳಿಕೊಳ್ಳುವುದು.

ಈಗ ಮೊದಲಿನ ಮಾತಿಗೆ ಬರೋಣ. "ಕೆಟ್ಟರೆ ನನ್ನ ದೇಹವೇ ಕೆಡಲಿ, ಅದು ನನ್ನದು" ಎಂದು ಅವನು ಹೇಳಿದರೆ ಏನು ಉತ್ತರ? ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 6ನೆಯ ಅಧ್ಯಾಯವನ್ನು ಬಲ್ಲ ವಿಶ್ವಾಸಿಗೆ, ದೇಹವು ಕ್ರಯಕ್ಕೆ ಕೊಳ್ಳಲ್ಪಟ್ಟ ದೇವಾಲಯವೆಂಬುದು ತಿಳಿದಿದೆ. ಇನ್ನೊಬ್ಬನ ಸೊತ್ತನ್ನು ಪಣಕ್ಕಿಡುವ ಅಧಿಕಾರವು ಯಾರಿಗೂ ಇಲ್ಲ. ಧರ್ಮರಾಯನು ತಮ್ಮಂದಿರನ್ನೂ ತನ್ನನ್ನೂ ಪಣಕ್ಕಿಟ್ಟು ಸೋತು ಕಡೆಗೆ ದ್ರೌಪದಿಯನ್ನು ಇಟ್ಟಾಗ ಸಭೆಯಲ್ಲಿ ಎದ್ದ ಪ್ರಶ್ನೆಯೂ ಇದೇ ಅಲ್ಲವೇ? ತನ್ನನ್ನೇ ಸೋತವನಿಗೆ ಇನ್ನೊಬ್ಬರ ಮೇಲೆ ಯಾವ ಹಕ್ಕುಂಟೆಂಬ ಆ ಪ್ರಶ್ನೆಗೆ ಹಿರಿಯರು ತಲೆತಗ್ಗಿಸಿದರೆಂದು ನಮ್ಮ ನಾಡಿನ ಕೂಸಿಗೂ ಗೊತ್ತು. ಶಾಸ್ತ್ರವನ್ನು ಒಪ್ಪದವನೂ ತನ್ನ ಮನೆಯನ್ನು ಒಮ್ಮೆ ನೋಡಲಿ. ಗಂಡನು ಕಂಬಳಿಯೊಳಗೆ ಎಚ್ಚತ್ತಿರುವಾಗ ಪಕ್ಕದಲ್ಲಿ ಹೆಂಡತಿಯೂ ಕಣ್ಣು ಮುಚ್ಚಿ ಎಚ್ಚತ್ತೇ ಇರುತ್ತಾಳೆ. ಅವಳ ಎದೆಯೂ ಬಡಿಯುತ್ತದೆ. ಬೆಳಿಗ್ಗೆ ತಂದೆಯ ಮುಖವನ್ನು ನೋಡಿ ಮಗುವು ತುತ್ತನ್ನು ನುಂಗಲಾರದೆ ಕೂರುತ್ತದೆ. ಆಡಿದವನು ಒಬ್ಬನು, ಸವೆದ ದೇಹಗಳು ನಾಲ್ಕು. ಒಂದು ಅಂಗವು ನೊಂದರೆ ಮಿಕ್ಕ ಅಂಗಗಳೂ ನೋಯುವುವೆಂದು ಅದೇ ಪತ್ರಿಕೆಯ 12ನೆಯ ಅಧ್ಯಾಯವು ಬೋಧಿಸುವುದು ಕೇವಲ ಉಪಮಾನವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಹೀಗಿರಲಾಗಿ ಸಭೆಯವರಾದ ನಾವು ಮಾಡತಕ್ಕದ್ದೇನು? ಮೊದಲು ನಮ್ಮ ಅಂಗಳವನ್ನೇ ಗುಡಿಸೋಣ. ಸುಗ್ಗಿಯ ಹಬ್ಬದಲ್ಲಿ ಕಾಣಿಕೆಯ ಕುಂಬಳಕಾಯಿಯನ್ನು ಹರಾಜು ಹಾಕುವುದು ಜೂಜಲ್ಲ. ಕೊಟ್ಟ ಹಣಕ್ಕೆ ಕಾಯಿ ಸಿಕ್ಕುತ್ತದೆ. ಆದರೆ ಧರ್ಮಕಾರ್ಯದ ಹೆಸರಿನಲ್ಲಿ ಅದೃಷ್ಟದ ಚೀಟಿಗಳನ್ನು ಮಾರುವ ವಾಡಿಕೆಯು ಎಲ್ಲಿಯಾದರೂ ಇದ್ದರೆ ಅದನ್ನು ನಿಲ್ಲಿಸತಕ್ಕದ್ದು. ಎರಡನೆಯದಾಗಿ, ಜೂಜುಗಾರನನ್ನು ಕರ್ತನ ಭೋಜನದಿಂದ ದೂರವಿಡಬೇಕೇ ಎಂದು ಚರ್ಚಿಸುವುದಕ್ಕೆ ಮುಂಚೆ ಹಿರಿಯರೊಬ್ಬರು ಅವನ ಮನೆಗೆ ಹೋಗಿ, "ತಮ್ಮಾ, ನಿದ್ರೆ ಬರುತ್ತದೆಯೇ?" ಎಂದು ಕೇಳಲಿ. ಹಣದ ಲೆಕ್ಕವನ್ನು ಕೇಳಿದರೆ ಅವನು ಸುಳ್ಳು ಹೇಳಿಯಾನು. ನಿದ್ರೆಯನ್ನು ವಿಚಾರಿಸಿದರೆ ಅತ್ತುಬಿಟ್ಟಾನು. ಮೂರನೆಯದಾಗಿ, ಸಾಲವನ್ನು ಮುಚ್ಚಿಡದೆ ಕಾಗದದಲ್ಲಿ ಬರೆಯಿಸಿ, ಕೆಲವು ಕಾಲ ಹಣವನ್ನು ಹೆಂಡತಿಯ ಕೈಯಲ್ಲಾಗಲಿ ತಾಯಿಯ ಕೈಯಲ್ಲಾಗಲಿ ಇಡಿಸಬೇಕು. ಕೈಸಾಲವನ್ನು ಮಾತ್ರ ಕೊಡಬಾರದು, ಅದು ಬೆಂಕಿಗೆ ಎಣ್ಣೆ. ನಾಲ್ಕನೆಯದಾಗಿ, ಪ್ರಾರ್ಥನೆಯ ಜೊತೆಗೆ ವೈದ್ಯನನ್ನೂ ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯು ನಮ್ಮ ಸೀಮೆಗೆ ದೂರವಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರದ ಸೇವೆಗೆ 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಹಗಲಿರುಳೂ ಧರ್ಮಾರ್ಥವಾಗಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಆಟವನ್ನು ಬಿಟ್ಟ ಮೊದಲ ದಿನಗಳಲ್ಲಿ ಅವನು ಸಿಡುಕುವನು, ಚಡಪಡಿಸುವನು. ಅದು ದುಷ್ಟತನವಲ್ಲ, ದೇಹವು ತಿರುಗಿ ನೆಲೆಗೆ ಬರುವ ಹೋರಾಟವೆಂದು ತಿಳಿದು ಮನೆಯವರು ತಾಳ್ಮೆಯಿಂದಿರಲಿ. ಪ್ರಾಣದ ಮೇಲೆ ಬೇಸರದ ಮಾತನ್ನು ಅವನು ಆಡಿದರೆ ಅದನ್ನು ಹಗುರವಾಗಿ ಎಣಿಸದೆ, ಅವನನ್ನು ಒಂಟಿಯಾಗಿ ಬಿಡದೆ, ಅದೇ ಗಳಿಗೆಯಲ್ಲಿ ಸಹಾಯವನ್ನು ಕರೆಯಬೇಕು.

ಪ್ರಿಯರೇ, ಕಲ್ವಾರಿಯ ಗುಡ್ಡದ ಮೇಲೆಯೂ ಒಂದು ಜೂಜು ನಡೆಯಿತೆಂಬುದನ್ನು ನೆನಪಿಗೆ ತಂದುಕೊಳ್ಳಿರಿ. ಹೊಲಿಗೆಯಿಲ್ಲದ ಒಂದು ಅಂಗಿಗೋಸ್ಕರ ಸಿಪಾಯಿಗಳು ಶಿಲುಬೆಯ ಕೆಳಗೆ ಚೀಟು ಹಾಕಿದರು. ಅವರ ಕಣ್ಣೆಲ್ಲಾ ಚೀಟಿನ ಮೇಲೆಯೂ ಬಟ್ಟೆಯ ಮೇಲೆಯೂ ಇತ್ತು. ಅವರ ತಲೆಯ ಮೇಲೆಯೇ ಒಂದು ದೇಹವು ಅವರಿಗೋಸ್ಕರ ನೋಯುತ್ತಿತ್ತು. ತಲೆಯೆತ್ತಿ ನೋಡುವುದಕ್ಕೆ ಅವರಿಗೆ ಪುರಸತ್ತಿರಲಿಲ್ಲ. ಜೂಜು ಎಲ್ಲಾ ಕಾಲದಲ್ಲಿಯೂ ಮಾಡುವುದು ಇದನ್ನೇ. ಎದುರಿಗೆ ನೋಯುತ್ತಿರುವ ದೇಹವನ್ನು, ಅದು ತನ್ನದಾಗಲಿ ತನ್ನ ಹೆಂಡತಿಮಕ್ಕಳದಾಗಲಿ, ಕಾಣದಂತೆ ಕಣ್ಣನ್ನು ಹಿಡಿದುಕೊಳ್ಳುವುದು. ಈ ರಾತ್ರಿ ನಮ್ಮ ಗ್ರಾಮಗಳಲ್ಲಿ ಯಾವನಾದರೂ ಮೊಬೈಲಿನ ಬೆಳಕಿನಲ್ಲಿ ಎಚ್ಚತ್ತಿದ್ದರೆ ಅವನು ಒಂದು ಗಳಿಗೆ ತಲೆಯೆತ್ತಿ ನೋಡುವಂತೆ ಕರ್ತನು ಕೃಪೆಮಾಡಲಿ. ಅವನು ನೋಡುವಾಗ ಅವನ ಬಾಗಿಲಲ್ಲಿ ನಿಂದಿಸುವವರಲ್ಲ, ಕೈಹಿಡಿಯುವ ಸಹೋದರರು ನಿಂತಿರಲಿ.