ಗರ್ಭಾರಂಭದ ದಿನಗಳೂ ಅನಶನ ವ್ರತವೂ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಶ್ರಾವಿಕೆಯರು ಏಕಾಶನದಿಂದ ಹಿಡಿದು ಹತ್ತು ದಿನಗಳ ಅನಶನದವರೆಗೆ ವ್ರತಗಳನ್ನು ಕೈಕೊಳ್ಳುತ್ತಾರೆ. ಗರ್ಭಿಣಿಯೆಂದು ತಿಳಿದವಳಿಗೆ ಹಿರಿಯರು ದೀರ್ಘ ಉಪವಾಸ ಬೇಡವೆನ್ನುವುದು ವಾಡಿಕೆ. ಆದರೆ ಗರ್ಭ ನಿಂತಿದೆಯೆಂದು ತನಗೇ ತಿಳಿಯದವಳ ವ್ರತದ ಗತಿಯೇನು? ಆಕೆಯ ತಪಸ್ಸಿನಲ್ಲಿ ಹಿಂಸೆಯ ಅಂಶವುಂಟೇ ಎಂಬುದು ವಿಚಾರಣೀಯ.

ಅಂಡಾಶಯದಿಂದ ಹೊರಬಂದ ಅಂಡಾಣು ಸುಮಾರು ಒಂದು ದಿನದೊಳಗೆ ಅಂಡನಾಳದಲ್ಲಿ ವೀರ್ಯಾಣುವಿನೊಡನೆ ಕೂಡಬೇಕು. ಈ ಸಂಯೋಗ ಪಂಚಮಿಗೆ 3 ದಿನ ಮೊದಲು ಆಯಿತೆಂದು ಇಟ್ಟುಕೊಂಡರೆ, ಪಂಚಮಿಯಂದು ಪಿಂಡವು ಹತ್ತು-ಹದಿನಾರು ಕೋಶಗಳ ಮುದ್ದೆ. ಇನ್ನೂ ನಾಳದಲ್ಲಿಯೇ ಸಾಗುತ್ತಿರುತ್ತದೆ. ಸಪ್ತಮಿಗೆ ಒಳಗೆ ದ್ರವ ತುಂಬಿದ ಸೂಕ್ಷ್ಮ ಗೋಲವಾಗಿ ಗರ್ಭಾಶಯದಲ್ಲಿರುತ್ತದೆ. ಅಷ್ಟಮಿ-ನವಮಿಗಳಲ್ಲಿ ಗರ್ಭಾಶಯದ ಒಳಪೊರೆಯನ್ನು ಹಿಡಿಯತೊಡಗಿ, ಅನಂತ ಚತುರ್ದಶಿಯ ವೇಳೆಗೆ ಅದರಲ್ಲಿ ಪೂರ್ಣವಾಗಿ ಹುದುಗುತ್ತದೆ. ಮುಟ್ಟು ತಪ್ಪುವುದು ಅದಾದ ಮೇಲೆಯೇ. ಹೀಗೆ ಇಡೀ ಪರ್ವ ಮುಗಿದರೂ ತಾಯಿಗೆ ಒಳಗಿನ ಸುಳಿವಿಲ್ಲ.

ಜೀವ ಯಾವಾಗ ಬರುತ್ತದೆಂಬ ವಿಷಯದಲ್ಲಿ ಆಗಮವು ಸಂದಿಗ್ಧವಾಗಿಲ್ಲ. ಭವಾಂತರಕ್ಕೆ ಸಾಗುವ ಜೀವ ಆಹಾರಗ್ರಹಣವಿಲ್ಲದೆ ಇರುವುದು ಹೆಚ್ಚೆಂದರೆ 3 ಸಮಯವೆಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯ ತಿಳಿಸುತ್ತದೆ. ಸಮಯವೆಂದರೆ ಕಾಲದ ಅವಿಭಾಜ್ಯ ಅಂಶ. ಜನ್ಮಸ್ಥಾನವನ್ನು ಸೇರಿದೊಡನೆ ಜೀವವು ಶರೀರಯೋಗ್ಯ ಪುದ್ಗಲಗಳನ್ನು ಗ್ರಹಿಸುತ್ತದೆ. ಆರು ಪರ್ಯಾಪ್ತಿಗಳಲ್ಲಿ ಆಹಾರಪರ್ಯಾಪ್ತಿಯೇ ಮೊದಲನೆಯದು. ಕೆಲವು ತಿಂಗಳು ಕಳೆದ ಮೇಲೆ ಜೀವ ಬರುತ್ತದೆಂಬ ಸಮಾಧಾನಕ್ಕೆ ಶ್ರಾವಕನಿಗೆ ಆಸ್ಪದ ಕಡಿಮೆ. (ಒಂದೇ ಪಿಂಡ ಕೆಲವು ದಿನಗಳ ತರುವಾಯ ಸೀಳಿ ಅವಳಿಯಾದಾಗ ಎರಡನೆಯ ಜೀವ ಬಂದ ಕ್ಷಣ ಯಾವುದೆಂಬುದು ಪಂಡಿತರಿಗೆ ಒಳ್ಳೆಯ ಚರ್ಚೆ, ವ್ರತದ ಪ್ರಶ್ನೆ ಅದಕ್ಕಾಗಿ ಕಾಯಬೇಕಿಲ್ಲ.)

ಆದರೆ ಹಿಂಸೆಯ ಲಕ್ಷಣ ಹೇಳುವಾಗ ಅದೇ ಗ್ರಂಥವು ಪ್ರಮಾದವನ್ನು ಮೂಲವಾಗಿ ಎಣಿಸುತ್ತದೆ. ಅರಿಯದೆ ಉಪವಾಸವಿದ್ದವಳಲ್ಲಿ ಪ್ರಮಾದವೆಲ್ಲಿ? ಒಂದೆರಡು ದಿನದ ಉಪವಾಸದಿಂದಲೇ ಗರ್ಭ ಕಳಚಿತೆನ್ನಲು ವೈದ್ಯಶಾಸ್ತ್ರದಲ್ಲಿಯೂ ಆಧಾರವಿಲ್ಲ. ಮೊದಲ ವಾರಗಳಲ್ಲಿ ನಷ್ಟವಾಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಾದರೂ ವರ್ಣತಂತುಗಳ ಎಣಿಕೆಯ ದೋಷದಿಂದ ನಿಲ್ಲದವು. ಗರ್ಭ ಹೋದ ಸೊಸೆಯೆದುರು ಆಕೆಯ ವ್ರತವನ್ನು ಎತ್ತಿ ಆಡುವ ನಾಲಿಗೆಯಲ್ಲಿ ಪ್ರಮಾದ ಹೆಚ್ಚು.

ಸಂತಾನವನ್ನು ಬಯಸಿ ಗೃಹಸ್ಥಧರ್ಮದಲ್ಲಿರುವವಳ ಮಾತು ಬೇರೆ. ಅತಿಥಿ ಬರಬಹುದೆಂದು ಆಕೆಗೂ ಆಕೆಯ ಪತಿಗೂ ಗೊತ್ತು. ಶಿಶುವಿನ ಮಿದುಳು, ಬೆನ್ನುಹುರಿಗಳಾಗುವ ನಾಳವು ಸಂಯೋಗದಿಂದ 28ನೆಯ ದಿನದ ಸುಮಾರಿಗೆ ಮುಚ್ಚಿಬಿಡುತ್ತದೆ. ಆದ್ದರಿಂದಲೇ ಗರ್ಭಕ್ಕೆ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಬೇಕೆಂದು ವೈದ್ಯರು ಹೇಳುವುದು. ಚಾತುರ್ಮಾಸದಲ್ಲಿ ಸೊಪ್ಪನ್ನು ಬಿಡುವ ಮನೆಗಳಲ್ಲಿ ಕಡಲೆ, ಹೆಸರುಗಳು ಆ ಕೊರತೆಯನ್ನು ಕೆಲಮಟ್ಟಿಗೆ ತುಂಬುವುವೇ ಹೊರತು ಗುಳಿಗೆಯ ಸ್ಥಾನವನ್ನಲ್ಲ. ರಸಪರಿತ್ಯಾಗದಲ್ಲಿ ಹಾಲು ಮೊಸರುಗಳೂ ಹೋದರೆ ಬಿ-12 ಜೀವಸತ್ವಕ್ಕೆ ಆಹಾರದಲ್ಲಿ ದಾರಿಯೇ ಇಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವು ಪಾಲ್ಗೊಂಡು, ಕಾಂಗೋ, ಗ್ವಾಟೆಮಾಲಾ, ಪಾಕಿಸ್ತಾನಗಳಲ್ಲಿಯೂ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗರ್ಭಕ್ಕೆ ಮೊದಲೇ ಪೂರಕಪೋಷಣೆ ಪಡೆದ ತಾಯಂದಿರ ಶಿಶುಗಳು ಪಡೆಯದವರ ಶಿಶುಗಳಿಗಿಂತ ಸರಾಸರಿಯಲ್ಲಿ ಉದ್ದವಾಗಿದ್ದವು.

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ 'ಶಕ್ತಿತಃ' ಎಂಬ ಮಿತಿಯನ್ನು ಹಚ್ಚಿರುವುದು ಸುಮ್ಮನಲ್ಲ. ಅನಶನವು ಬಾಹ್ಯತಪಗಳಾರರಲ್ಲಿ ಒಂದು ಮಾತ್ರ. ಸ್ವಾಧ್ಯಾಯಾದಿ ಅಂತರಂಗತಪಗಳಿಗೆ ಹೊಟ್ಟೆಯ ತಡೆಯಿಲ್ಲ. ಇಂಥ ವರ್ಷದಲ್ಲಿ ಅನಶನವನ್ನು ಪತಿ ಹಿಡಿಯಲಿ, ಪತ್ನಿ ಸ್ವಾಧ್ಯಾಯದ ನಿಯಮ ಹಿಡಿಯಲಿ. ಬಸದಿಯಲ್ಲಿ ಎಲ್ಲರೆದುರು ವ್ರತ ಬೇಡುವಾಗ ಈ ಕಾರಣವನ್ನು ಬಾಯಿಬಿಟ್ಟು ಹೇಳಲು ಎಳೆಯ ಸೊಸೆಗೆ ನಾಚಿಕೆಯಾದೀತು. ಅತ್ತೆಯೇ ಮುಂದಾಗಿ ಗುರುಗಳಲ್ಲಿ ಅರಿಕೆ ಮಾಡಿಕೊಂಡರೆ ಆಕೆ ಅಲ್ಲಿ ನಿಂತು ಉತ್ತರಿಸಬೇಕಾಗುವುದಿಲ್ಲ.