ಒಂದೇ ರಂಗಸ್ಥಳ, ಎರಡು ಮೇಳ

ಕಕ್ಕಿಂಜೆ, ನೆರಿಯ, ಚಾರ್ಮಾಡಿ ಸುತ್ತಮುತ್ತಲಿನ ಅಡಿಕೆ ತೋಟದ ಮನೆಗಳಲ್ಲಿ ಈಗ ಹೊಸದೊಂದು ಮೂಲೆ ಹುಟ್ಟಿಕೊಂಡಿದೆ. ಕಿಟಕಿ ಬದಿಗೆ ಒಂದು ಮೇಜು, ಅದರ ಮೇಲೊಂದು ಮಾನಿಟರ್, ಕೆಳಗೆ ಇನ್ವರ್ಟರ್ ಲೈನಿನ ಪ್ಲಗ್. 2020ರ ಮಾರ್ಚ್‌ನ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದವರಲ್ಲಿ ಕೆಲವರು ಪೂರ್ತಿಯಾಗಿ ಹಿಂದೆ ಹೋಗಲೇ ಇಲ್ಲ. ಹಗಲು ಕಂಪೆನಿ ಕೊಟ್ಟ ಲ್ಯಾಪ್‌ಟಾಪ್. ಸಂಜೆ ತೋಟದ ಲೆಕ್ಕಕ್ಕೆ, ಮಕ್ಕಳ ಪಾಠಕ್ಕೆ, ಸೊಸೈಟಿಯ ಕಾಗದಪತ್ರಕ್ಕೆ ಮನೆಯದು. ಲ್ಯಾಪ್‌ಟಾಪ್ ಎರಡಾಯಿತು, ಮೇಜು ಮಾತ್ರ ಒಂದೇ ಉಳಿಯಿತು.

ಯಕ್ಷಗಾನದ ಜೋಡಾಟದಲ್ಲಿ ಎರಡು ಮೇಳಕ್ಕೆ ಎರಡು ರಂಗಸ್ಥಳ ಇರುತ್ತದೆ. ಇಲ್ಲಿ ಮೇಳ ಎರಡು, ರಂಗಸ್ಥಳ ಒಂದೇ. ಹಾಗಾಗಿ ಸಂಜೆಯಾದರೆ ವಯರ್ ಕೀಳುವುದು, ಬೆಳಗಾದರೆ ಮತ್ತೆ ಸಿಕ್ಕಿಸುವುದು. ಹಳೆಯ ವಿಜಿಎ ವಯರಿಗೆ ಎರಡೂ ಬದಿ ತಿರುಪು ಇತ್ತು. ಅದನ್ನು ಬಿಚ್ಚುವ ಉದಾಸೀನಕ್ಕೇ ಯಾರೂ ಮುಟ್ಟುತ್ತಿರಲಿಲ್ಲ. ಎಚ್‌ಡಿಎಂಐಗೆ ಆ ಕಟ್ಟುಪಾಡು ಇಲ್ಲ. ದಿನಾ ಎಳೆದೂ ಎಳೆದೂ ಸಡಿಲವಾಗುವುದು ಲ್ಯಾಪ್‌ಟಾಪಿನ ಬದಿಯ ಕಿಂಡಿ. ವಯರ್ ಹೋದರೆ ಉಜಿರೆಯಲ್ಲಿ ಹೊಸದು ಸಿಕ್ಕೀತು, ಕಿಂಡಿ ಹೋದರೆ ಒಳಗಿನ ಬೋರ್ಡಿಗೇ ಕೈಹಾಕಬೇಕು.

ಹೆಚ್ಚಿನವರು ಗಮನಿಸದ ಒಂದು ಸಂಗತಿ ಮಾನಿಟರಿನ ಬೆನ್ನಲ್ಲೇ ಉಂಟು. ಅಲ್ಲಿ ಸಾಮಾನ್ಯವಾಗಿ ಎರಡು ಕಿಂಡಿಗಳಿರುತ್ತವೆ. ಎರಡೂ ಲ್ಯಾಪ್‌ಟಾಪಿನ ವಯರನ್ನು ಕಾಯಂ ಆಗಿ ಸಿಕ್ಕಿಸಿಟ್ಟು, ಮಾನಿಟರಿನ ಗುಂಡಿ ಒತ್ತಿ ಬೇಕಾದ್ದನ್ನು ಆರಿಸಿಕೊಂಡರಾಯಿತು. ಕೀಬೋರ್ಡ್, ಮೌಸಿಗೆ ಒಂದು ಸಣ್ಣ ಯುಎಸ್‌ಬಿ ಸ್ವಿಚ್ ಸಾಕು. ಪರದೆ, ಕೀಬೋರ್ಡ್, ಮೌಸ್ ಮೂರನ್ನೂ ಒಂದೇ ಗುಂಡಿಯಲ್ಲಿ ತಿರುಗಿಸುವ ಪೆಟ್ಟಿಗೆಗೆ ಕೆವಿಎಂ ಎನ್ನುತ್ತಾರೆ. ಹತ್ತಾರು ಕಂಪ್ಯೂಟರುಗಳನ್ನು ಪೇರಿಸಿಟ್ಟ ಸರ್ವರ್ ಕೋಣೆಯಲ್ಲಿ ಒಬ್ಬನೇ ಕೂತು ಎಲ್ಲವನ್ನೂ ನೋಡಿಕೊಳ್ಳಲು ಬಳಸುತ್ತಿದ್ದ ಸಾಮಾನು ಅದು. ಅಗ್ಗದ್ದನ್ನು ತಂದರೆ ಒಂದು ಕಿರಿಕಿರಿ ತಪ್ಪದು. ಗುಂಡಿ ಒತ್ತಿದ ಕೂಡಲೇ, ಆಚೆಗಾದ ಲ್ಯಾಪ್‌ಟಾಪ್ ಮಾನಿಟರೇ ಹೋಯಿತೆಂದುಕೊಂಡು ತೆರೆದಿಟ್ಟ ಕಿಟಕಿಗಳನ್ನೆಲ್ಲ ತನ್ನ ಸಣ್ಣ ಪರದೆಗೆ ಗುಡ್ಡೆ ಹಾಕಿಕೊಳ್ಳುತ್ತದೆ. ‘ನಾನು ಇಂಥ ಅಳತೆಯವನು, ಇಲ್ಲೇ ಇದ್ದೇನೆ’ ಎಂದು ಮಾನಿಟರ್ ಹೇಳುವ ಮಾಹಿತಿಗೆ ಇಡಿಐಡಿ ಎಂದು ಹೆಸರು. ಒಳ್ಳೆಯ ಪೆಟ್ಟಿಗೆ ಅದನ್ನು ನೆನಪಿಟ್ಟುಕೊಂಡು ಎರಡೂ ಕಡೆಗೆ ಹೇಳುತ್ತಲೇ ಇರುತ್ತದೆ.

ಯುಎಸ್‌ಬಿ-ಸಿ ಬಂದ ಮೇಲೆ ಒಂದೇ ವಯರಿನಲ್ಲಿ ಚಿತ್ರ, ಕೀಬೋರ್ಡ್, ಚಾರ್ಜು ಎಲ್ಲ ಆಗುತ್ತದೆಂದು ಅಂಗಡಿಯವರು ಹೇಳುತ್ತಾರೆ. ಸುಳ್ಳಲ್ಲ, ಆದರೆ ಎಲ್ಲ ಕಿಂಡಿಗೂ ಆ ಮಾತು ಹೊಂದದು. ನೋಡಲಿಕ್ಕೆ ಒಂದೇ ಥರ ಇದ್ದರೂ ಕೆಲವು ಬರೀ ಫೈಲು ಸಾಗಿಸುತ್ತವೆ. ದುಡ್ಡು ಕೊಡುವ ಮೊದಲು ಕಿಂಡಿಯ ಪಕ್ಕ ಡಿ-ಪಿ ಗುರುತೋ ಮಿಂಚಿನ ಗುರುತೋ ಇದೆಯೇ ನೋಡಿಕೊಳ್ಳುವುದು ಒಳ್ಳೆಯದು. ಗುರುತೇ ಇಲ್ಲದಿದ್ದರೆ ಮಾಡೆಲ್ ನಂಬರ್ ಹಾಕಿ ಕಂಪೆನಿಯ ವಿವರಪಟ್ಟಿಯಲ್ಲಿ ಹುಡುಕಬೇಕು.

ಪೆಟ್ಟಿಗೆಯೇ ಬೇಡ, ಸಾಫ್ಟ್‌ವೇರ್ ಹಾಕಿದರೆ ಒಂದೇ ಮೌಸ್ ಈ ಲ್ಯಾಪ್‌ಟಾಪಿನಿಂದ ಆ ಲ್ಯಾಪ್‌ಟಾಪಿಗೆ ತಾನಾಗಿ ದಾಟುತ್ತದೆ ಎನ್ನುವವರೂ ಇದ್ದಾರೆ. ಮೈಕ್ರೋಸಾಫ್ಟಿನ ‘ಮೌಸ್ ವಿದೌಟ್ ಬಾರ್ಡರ್ಸ್’ ಅಂಥದ್ದೇ. ನನಗೇನೋ ಅದು ಈ ಮೇಜಿಗೆ ಹೇಳಿಸಿದ್ದಲ್ಲ ಅನ್ನಿಸುತ್ತದೆ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಸಿಕ್ಕಿದ್ದನ್ನೆಲ್ಲ ಇನ್‌ಸ್ಟಾಲ್ ಮಾಡಲು ಹೆಚ್ಚಿನ ಕಂಪೆನಿಗಳು ಬಿಡುವುದಿಲ್ಲ, ಬಿಡಬಾರದು ಕೂಡ. ಇಲ್ಲಿ ಕಾಪಿ ಮಾಡಿದ್ದು ಅಲ್ಲಿ ಪೇಸ್ಟ್ ಆಗುವ ಸೌಕರ್ಯವೇ ಕಂಪೆನಿಯ ಗುಟ್ಟು ಮನೆಯ ಲ್ಯಾಪ್‌ಟಾಪಿಗೆ ಇಳಿಯುವ ದಾರಿ. ಕಣ್ಣಿಗೆ, ಕೈಗೆ ಬೇಕಾದ್ದನ್ನು ಹಂಚಿಕೊಂಡರೆ ಸಾಕು. ಹೊಟ್ಟೆಯೊಳಗಿನದ್ದು ಅವರವರಲ್ಲೇ ಇರಲಿ. ಏನೂ ತಿಳಿಯದ ಒಂದು ಗುಂಡಿ ಇದನ್ನು ಚೆನ್ನಾಗಿ ಮಾಡುತ್ತದೆ.

ಘಟ್ಟದ ಬುಡದ ಊರಿಗೆ ಇನ್ನೊಂದು ಲೆಕ್ಕ ಉಂಟು. ಏಪ್ರಿಲ್, ಮೇ ತಿಂಗಳ ಸಂಜೆ ಮೇಲೆ ಗುಡುಗಿತೆಂದರೆ ಮನೆಯ ಹಿರಿಯರು ಮೊದಲು ಹೇಳುವ ಮಾತು, “ಪ್ಲಗ್ ತೆಗೆಯಿರಿ ಮಾರಾಯ್ರೆ.” ಸ್ವಿಚ್ ಆಫ್ ಮಾಡಿದರೆ ಸಾಲದು, ಕಿತ್ತೇ ಇಡಬೇಕು. ತಾಮ್ರದ ತಂತಿಯ ಫೋನಿದ್ದ ಕಾಲದಲ್ಲಿ ಸಿಡಿಲು ಆ ದಾರಿಯಲ್ಲೂ ಬಂದು ಮೋಡೆಮ್ ಸುಟ್ಟು ಹೋಗುತ್ತಿತ್ತು. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟು ಹರಿಯದು, ಆದರೆ ರೂಟರಿಗೆ, ಮಾನಿಟರಿಗೆ ಕರೆಂಟಿನ ವಯರ್ ಇದ್ದೇ ಇದೆ. ಮೇಜಿನ ಮೇಲಿನದ್ದೆಲ್ಲ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಬಂದಿದ್ದರೆ ಕೀಳಬೇಕಾದ ಪ್ಲಗ್ ಒಂದೇ. ಲ್ಯಾಪ್‌ಟಾಪ್ ಎರಡೂ ಬ್ಯಾಟರಿಯಲ್ಲಿ ಓಡುತ್ತಿರುತ್ತವೆ.

ಗುಂಡಿಯನ್ನು ನಂಬುವವರು ಎರಡೂ ಲ್ಯಾಪ್‌ಟಾಪಿಗೆ ಬೇರೆ ಬೇರೆ ಬಣ್ಣದ ವಾಲ್‌ಪೇಪರ್ ಹಾಕಿಡುವುದು ಕ್ಷೇಮ. ನಮ್ಮ ಕಡೆಯ ಒಬ್ಬರು ತಮ್ಮನಿಗೆ ಬರೆದ “ಹೊಸ ಅಡಿಕೆ ಇವತ್ತು ಎಷ್ಟಕ್ಕೆ ಹೋಯಿತು?” ಎಂಬ ಸಂದೇಶ ಸೀದಾ ಆಫೀಸಿನ ಮ್ಯಾನೇಜರಿಗೆ ಹೋಯಿತಂತೆ. ಪುಣ್ಯಕ್ಕೆ ಮ್ಯಾನೇಜರ್ ತೀರ್ಥಹಳ್ಳಿ ಕಡೆಯವರು. ಹೊಸತರದ್ದು ಗೊತ್ತಿಲ್ಲ ಎಂದು ತಮ್ಮ ಕಡೆಯ ‘ರಾಶಿ’ ಅಡಿಕೆಯ ದರ ಬರೆದು ಕಳಿಸಿದರಂತೆ.