ದೊರೆಯ ಲೆಕ್ಕ, ಕರಣಿಕನ ತಲೆ

ಯಜಮಾನ ಹೇಳಿದ, ಆಳು ಮಾಡಿದ. ಮಾಡಿದ್ದು ಅನ್ಯಾಯ. ತಪ್ಪು ಯಾರದು? ಚಾವಡಿಯಲ್ಲಿ ಈ ಮಾತು ಬಂದಾಗಲೆಲ್ಲ ‘ಇಬ್ಬರದೂ’ ಅಂತ ಹೇಳಿ ಎದ್ದುಬಿಡುತ್ತೇವೆ. ಅಷ್ಟು ಸುಲಭಕ್ಕೆ ಮುಗಿಯದ ಒಂದು ಪ್ರಕರಣ ಐನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ನಡೆದಿದೆ.

ಅಲ್ಲಿ ಏಳನೇ ಹೆನ್ರಿ ಎಂಬ ದೊರೆ. 1485ರಲ್ಲಿ ಯುದ್ಧ ಗೆದ್ದು ಪಟ್ಟಕ್ಕೆ ಬಂದವನು, ಟ್ಯೂಡರ್ ಮನೆತನದ ಮೊದಲ ಅರಸ. ಹಾಗೆ ಗೆದ್ದು ತಂದ ಪಟ್ಟವನ್ನು ಇನ್ನೊಬ್ಬ ಹಾಗೇ ಕಿತ್ತುಕೊಂಡಾನು ಎಂಬ ಭಯ ಅವನನ್ನು ಬಿಡಲೇ ಇಲ್ಲ. 1502ರಲ್ಲಿ ಹಿರಿಯ ಮಗ ತೀರಿಹೋದ, ಮರುವರ್ಷ ಹೆಂಡತಿ. ಆಮೇಲೆ ಬಿಗಿ ಇನ್ನೂ ಹೆಚ್ಚಾಯಿತು. ದೊಡ್ಡ ಮನೆತನದವರಿಂದ, ವ್ಯಾಪಾರಿಗಳಿಂದ ಮುಚ್ಚಳಿಕೆ ಬರೆಸಿಕೊಳ್ಳುವುದು: ನಿಷ್ಠೆಯಿಂದ ಇರುತ್ತೇನೆ, ತಪ್ಪಿದರೆ ಇಷ್ಟು ಹಣ ಕಟ್ಟುತ್ತೇನೆ ಅಂತ. ಜನ ಮರೆತೇಬಿಟ್ಟಿದ್ದ ಹಳೇ ಕಾನೂನು ಹುಡುಕಿ, ಮೀರಿದ್ದೀರಿ ಎಂದು ದಂಡ ಹಾಕುವುದು.

ಇದನ್ನು ನಡೆಸಿದವರಲ್ಲಿ ಮುಂದಿದ್ದವರು ಇಬ್ಬರು ವಕೀಲರು, ರಿಚರ್ಡ್ ಎಂಪ್ಸನ್ ಮತ್ತು ಎಡ್ಮಂಡ್ ಡಡ್ಲಿ. ಇಬ್ಬರೂ ಹಿಂದೆ ಪಾರ್ಲಿಮೆಂಟಿನಲ್ಲಿ ಸ್ಪೀಕರ್ ಆಗಿದ್ದವರು. ತಮಗೂ ಸಾಕಷ್ಟು ಗಂಟು ಮಾಡಿಕೊಂಡರು, ಅದರಲ್ಲಿ ಸಂಶಯವಿಲ್ಲ. ಆದರೆ ದೊರೆಗೆ ಗೊತ್ತಿಲ್ಲದೆ ಎಲ್ಲ ಇವರೇ ಮಾಡಿದರು ಅನ್ನುವಂತಿಲ್ಲ. ಅರಮನೆಯ ಖಜಾನೆಯ ಲೆಕ್ಕದ ಪುಸ್ತಕವನ್ನು ಆ ದೊರೆ ಸ್ವತಃ ಓದಿ, ಪುಟಪುಟಕ್ಕೂ ರುಜು ಹಾಕುತ್ತಿದ್ದ. ಅಂಥ ಯಜಮಾನನ ಕಣ್ಣು ತಪ್ಪಿಸಿ ಏನು ನಡೆದೀತು?

1509ರ ಏಪ್ರಿಲ್ 21ರಂದು ದೊರೆ ಸತ್ತ. ಸುದ್ದಿಯನ್ನು ಎರಡು ದಿನ ಮುಚ್ಚಿಟ್ಟರು. 24ಕ್ಕೆ ಎಂಪ್ಸನ್, ಡಡ್ಲಿ ಇಬ್ಬರೂ ಸೆರೆಮನೆಯಲ್ಲಿ! ಪಟ್ಟಕ್ಕೆ ಬಂದ ಮಗ ಎಂಟನೇ ಹೆನ್ರಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ. ಜನಕ್ಕೆ ಬಹಳ ಸಂತೋಷವಾಯಿತು.

ನನಗೆ ಮುಳ್ಳಾಗಿ ಚುಚ್ಚುವುದು ಮುಂದಿನದು. ಅವರ ಮೇಲೆ ಹೊರಿಸಿದ ಆರೋಪ ಸುಲಿಗೆಯದ್ದಲ್ಲ, ರಾಜದ್ರೋಹದ್ದು. ದೊರೆ ಸಾಯುವ ಹೊತ್ತಿಗೆ ಆಯುಧದ ಜನ ಕೂಡಿಸಿ ಹೊಸ ಅರಸನನ್ನು ಹಿಡಿತಕ್ಕೆ ತೆಗೆದುಕೊಳ್ಳಲು ಹೊಂಚುಹಾಕಿದರಂತೆ. ಇದನ್ನು ನಂಬುವ ಇತಿಹಾಸಕಾರರು ಕಡಿಮೆ. ಹಾಗಾದರೆ ನಿಜವಾಗಿ ಮಾಡಿದ ಸುಲಿಗೆಯನ್ನೇ ಯಾಕೆ ವಿಚಾರಣೆಗೆ ತರಲಿಲ್ಲ? ತಂದರೆ ಪ್ರತಿಯೊಂದು ಕಾಗದದಲ್ಲೂ ‘ಯಾರಿಗೋಸ್ಕರ ವಸೂಲು?’ ಎಂಬ ಪ್ರಶ್ನೆ ಏಳುತ್ತಿತ್ತು. ಉತ್ತರ ಮಗನ ಖಜಾನೆಯಲ್ಲೇ ಇತ್ತು. ಎಷ್ಟೋ ಮುಚ್ಚಳಿಕೆಗಳನ್ನು ಹೊಸ ದೊರೆ ರದ್ದು ಮಾಡಿದ್ದು ನಿಜ. ಹಾಗೆಂದು ತಂದೆ ಕೂಡಿಸಿಟ್ಟ ಹಣವನ್ನು ಆತ ಬಿಟ್ಟುಕೊಡಲಿಲ್ಲ. ತಪ್ಪು ಮಾಡಿದವನಿಗೆ ಮಾಡದ ತಪ್ಪಿಗೆ ಶಿಕ್ಷೆ ಕೊಟ್ಟರೆ ‘ಹೇಗೂ ಪಾಪಿ, ಹೋಗಲಿ ಬಿಡಿ’ ಅನ್ನುವವರಿದ್ದಾರೆ. ನನಗೆ ಆ ಮಾತು ಒಗ್ಗುವುದಿಲ್ಲ. ಸುಳ್ಳು ಆರೋಪದಿಂದ ಸತ್ತವರಿಬ್ಬರು. ಬಚಾವಾದದ್ದು ಸುಲಿಗೆಯ ವ್ಯವಸ್ಥೆಯ ಯಜಮಾನ.

ತೀರ್ಪಾದ ಮೇಲೆ ಡಡ್ಲಿ ಸೆರೆಮನೆಯಲ್ಲಿ ಕೂತು ಒಂದು ಪಟ್ಟಿ ಬರೆದ. ತೀರಿಹೋದ ದೊರೆಯ ಉಯಿಲು ಜಾರಿ ಮಾಡಬೇಕಾದವರ ಕೈಗೆ ಅದು ಸೇರಬೇಕೆಂದು ಬರೆದದ್ದು. ದೊರೆಯ ಹೆಸರಿನಲ್ಲಿ ಅನ್ಯಾಯವಾಗಿಯೋ ಅತಿಯಾಗಿಯೋ ಹಿಂಡಿದ 84 ಪ್ರಕರಣಗಳು ಅದರಲ್ಲಿವೆ. ತನ್ನಿಂದಾದ ಅನ್ಯಾಯ ಸರಿಪಡಿಸಬೇಕೆಂದು ದೊರೆಯೂ ಉಯಿಲಿನಲ್ಲಿ ಬರೆಸಿಹೋಗಿದ್ದ. ಸಾಯುವಾಗ ಇಬ್ಬರಿಗೂ ಲೆಕ್ಕ ಸರಿಯಾಗಿಯೇ ನೆನಪಾಯಿತು ನೋಡಿ.

ಆ ಪಟ್ಟಿಯೇ ಡಡ್ಲಿಯ ಮೇಲಿನ ದೊಡ್ಡ ಸಾಕ್ಷಿ ಎಂದು ನನ್ನ ಎಣಿಕೆ. ಇಂಥವನು ಇಷ್ಟು ಕೊಟ್ಟ, ಕೊಡಬೇಕಾದ ಕಾರಣ ಇರಲಿಲ್ಲ ಎಂದು ಒಂದೊಂದಾಗಿ ಹೇಳಬಲ್ಲವನಿಗೆ, ವಸೂಲು ಮಾಡಿದ ದಿನವೇ ಅದು ಗೊತ್ತಿರಲಿಲ್ಲವೆ? ‘ಅಪ್ಪಣೆಯಾಗಿತ್ತು’ ಎಂಬ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ. ಹಾಗಿದ್ದೂ, ಕಳೆದುಕೊಂಡವರಿಗೆ ಉಪಯೋಗಕ್ಕೆ ಬರುವಂಥ ಕಾಗದ ಬರೆದವನು ಅವನೇ. ಅವನ ಮೇಲೆ ವಿಚಾರಣೆ ನಡೆಸಿದವರು ಅಂಥದ್ದೊಂದನ್ನು ಕೇಳಲೂ ಇಲ್ಲ.

1510ರ ಆಗಸ್ಟ್ 17ರಂದು ಲಂಡನ್ನಿನ ಟವರ್ ಹಿಲ್ಲಿನಲ್ಲಿ ಇಬ್ಬರ ತಲೆಯನ್ನೂ ಕಡಿದರು. ತಲೆ ಕಡಿಸಿದ ದೊರೆಯ ತಂದೆಗೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಚಿನ್ನದ ಲೇಪದ ಗೋರಿ ಇದೆ.